ಭೂಮಿಯ ತೂಕ, ನನ್ನ ಸೊಂಟ

ಮಾರ್ಚ್ ೧೭, ಮಂಗಳವಾರ

ತಾರಾಲಯದಲ್ಲಿ ಇವತ್ತೂ ಅದೇ ಪ್ರಶ್ನೆ. ಆಕಾಶದಿಂದ ಭೂಮಿಗೆ ದೂಳು ಬೀಳುತ್ತಲೇ ಇರುತ್ತೆ, ಆದರೆ ಅದಕ್ಕಿಂತ ಹೆಚ್ಚು ಅನಿಲ ಮೇಲಕ್ಕೆ ಸೋರಿಹೋಗುತ್ತೆ, ಹಾಗಾಗಿ ಭೂಮಿ ಚೂರುಚೂರೇ ತೂಕ ಇಳಿಸಿಕೊಳ್ತಿದೆ ಅಂತ ಗಂಟಲು ಹರಿದುಕೊಂಡು ಹೇಳಿ ಮುಗಿಸಿದೆ. ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. "ಅದ್ಹೇಗಮ್ಮ? ಮನೆ ಮೇಲೆ ಮನೆ ಏಳ್ತಿದೆ, ಮಕ್ಕಳು ಹುಟ್ತಾನೇ ಇದಾರೆ. ನಿಮ್ಮನ್ನೇ ನೋಡಿ!" ಅಂತ ನನ್ನ ಎಂಟು ತಿಂಗಳ ಹೊಟ್ಟೆ ತೋರಿಸಿದರು. ಎಲ್ಲರೂ ಗೊಳ್ಳಂತ ನಕ್ಕರು.

"ಮನೆಯ ಕಲ್ಲು ಬೆಟ್ಟದ್ದು, ಮಗು ನಾನು ತಿಂದಿದ್ದರಿಂದ ಆಗಿದ್ದು. ಈ ಡಬ್ಬಿಯದು ಆ ಡಬ್ಬಿಗೆ ಹೋಯ್ತು, ಅಷ್ಟೇ ಸ್ವಾಮಿ" ಅಂದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ, ಗಂಡ ಅನ್ನಿಸಿಕೊಂಡವರಾದರೂ ನನ್ನ ಪರ ನಿಲ್ತಾರೆ ಅಂದುಕೊಂಡೆ. ಅವರೂ ನಗೋದೇ! "ಅವರು ಹೇಳಿದ್ದೂ ಸರಿಯಾಗೇ ಇದೆಯಲ್ಲೇ" ಅಂತೆ. ಅತ್ತೆ ಅಡುಗೆಮನೆಯಿಂದಲೇ, "ಭೂಮಿ ಇಳಿದರೆ ಇಳೀಲಿ, ನೀನು ಇನ್ನೆರಡು ತುತ್ತು ತಿನ್ನಮ್ಮ" ಅಂದರು.

ಈಗ ಎಡಕ್ಕೆ ಹೊರಳಿದರೂ ಆಗಲ್ಲ, ಬಲಕ್ಕೆ ಹೊರಳಿದರೂ ಆಗಲ್ಲ. ಒಳಗಿರೋದು ಒದೀತಾನೇ ಇದೆ. ಪಕ್ಕದಲ್ಲಿ ಇವರ ಗೊರಕೆ. ಯಾರನ್ನು ಬೇಕಾದರೂ ಕೇಳಲಿ, ನನ್ನ ಲೆಕ್ಕವೇ ಸರಿ. ಈ ಮಗುವಿನಿಂದ ಭೂಮಿಗೆ ಗುಲಗಂಜಿಯಷ್ಟೂ ಭಾರ ಹೆಚ್ಚಿಲ್ಲ. ಎಲ್ಲಾ ನನ್ನ ಸೊಂಟಕ್ಕೇ.