ಆ ಫೋಟೋದಲ್ಲಿ ಕರೆಂಟಿರಲಿಲ್ಲ

ಉಗರಗೋಳ,
೧೮ ಜನವರಿ ೨೦೦೯, ರವಿವಾರ

ಮುದ್ದಿನ ಯುವರಾಜಾ, ಜೈಭೀಮ.

ಹೇಗಿದ್ದೀಯಪ್ಪಾ? ಕೆಮ್ಮು ಕಡಿಮೆಯಾಯಿತೇ? ಹುಬ್ಬಳ್ಳಿಯ ಧೂಳು ನಿನಗೆ ಆಗುವುದಿಲ್ಲ, ಬೈಕ್ ಹತ್ತುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೋ ಎಂದರೆ ಕೇಳುವ ಪೈಕಿ ನೀನಲ್ಲ. ಕಂಪ್ಯೂಟರ್ ಕ್ಲಾಸಿನಲ್ಲಿ ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವವನು ಖಾನಾವಳಿಯ ಊಟ ತಪ್ಪಿಸಿ ಚಹಾದ ಮೇಲೆ ದಿನ ತಳ್ಳುತ್ತೀಯೆಂದು ನನಗೆ ಗೊತ್ತು. ಸಂಕ್ರಮಣಕ್ಕೆ ಬರುತ್ತೀ ಎಂದು ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಮಾಡಿದ್ದೆ. ಕಟಕಾಗಿವೆ, ಕೆಡುವುದಿಲ್ಲ, ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ನನ್ನ ಮೊಣಕಾಲು ಎಂದಿನಂತೆ ತಕರಾರು ಮಾಡುತ್ತಿದೆ, ಅದರ ಕಡೆ ಲಕ್ಷ್ಯ ಕೊಡುವುದನ್ನು ಬಿಟ್ಟಿದ್ದೇನೆ.

ನಿನ್ನೆ ಬೆಳಗಿನ ಸಾಲಿ ಮುಗಿಸಿ ಸವದತ್ತಿಯ ಸೈಬರ್ ಕೆಫೆಗೆ ಹೋದೆ. ನೀನು ಹೇಳಿದ್ದ ಮೇಲ್ ಬಂದಿತ್ತು. ನಿಮ್ಮ ಮುಕ್ತ ತಂತ್ರಾಂಶ ಬಳಗದ ಪ್ರಣಿತಾ ಎಂಬ ಹುಡುಗಿ ಧಾರವಾಡದಿಂದ ಬರೆದಿದ್ದಾಳೆ. ಎಷ್ಟು ಮರ್ಯಾದೆಯಿಂದ ಬರೆದಿದ್ದಾಳೆಂದರೆ ಓದುವಾಗ ನಾನೇ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಬಳಗದಲ್ಲಿ ಯಾರಿಗೂ ಪಗಾರವಿಲ್ಲವಂತೆ, ಪ್ರಚಾರಕರು ಊರೂರು ತಿರುಗಿ ಸಾಲಿಯ ಕಂಪ್ಯೂಟರುಗಳಿಗೆ ತಂತ್ರಾಂಶ ಹಾಕಿಕೊಟ್ಟೆವೆಂದು ಬರೆದದ್ದನ್ನು ನಂಬಿಯೇ ಎಲ್ಲ ನಡೆಯುತ್ತದಂತೆ. ಅದಕ್ಕೇ ಪ್ರತಿ ಊರಿನಲ್ಲೂ ಪ್ರಚಾರಕರಿಗೆ ಸಂಬಂಧವಿಲ್ಲದ ಒಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರಂತೆ. ನಿನ್ನನ್ನು ಈ ಭಾಗದ ಪ್ರಚಾರಕರಿಗೆಲ್ಲ ಮುಖ್ಯಸ್ಥನನ್ನಾಗಿ ಮಾಡುವವರಿದ್ದಾರೆ, ಅದಕ್ಕೂ ಮೊದಲು ಉಗರಗೋಳದ ಕೆಲಸ ನಿಜವಾಗಿ ಆಗಿದೆಯೇ ಎಂದು ಕೇಳಿದ್ದಾಳೆ. ಜೊತೆಗೆ ನಿನ್ನ ವರದಿಯನ್ನೂ ಫೋಟೋವನ್ನೂ ಕಳಿಸಿದ್ದಾಳೆ.

ಫೋಟೋದಲ್ಲಿ ನಮ್ಮ ಜನ್ನತ ಇದ್ದಾಳೆ. ಕಿವಿಗೆ ನೀನು ತಂದಿದ್ದ ದೊಡ್ಡ ಹೆಡ್‌ಫೋನು, ಮುಖದ ತುಂಬ ನಗು. ಕೆಳಗೆ ನೀನು ಬರೆದಿದ್ದೀ: ಕಣ್ಣು ಕಾಣದ ಹತ್ತನೆಯ ತರಗತಿಯ ಈ ಹುಡುಗಿ ಈಗ ನಮ್ಮ ತಂತ್ರಾಂಶ ಓದಿ ಹೇಳುವ ಕನ್ನಡ ಪಾಠಗಳನ್ನು ಕೇಳಿ ತಾನೇ ಅಭ್ಯಾಸ ಮಾಡುತ್ತಾಳೆ. ಎಲ್ಲೆಲ್ಲಿಯವರೋ ಅದರ ಕೆಳಗೆ ಶಾಬ್ಬಾಸ್ ಎಂದಿದ್ದಾರೆ. ಅವರಿಗೆ ನಮ್ಮೂರಿನ ಲೋಡ್‌ಶೆಡ್ಡಿಂಗ್ ಏನು ಗೊತ್ತು? ಅವಳ ಮುಂದಿನ ಕಂಪ್ಯೂಟರಿನ ಪರದೆ ಕಪ್ಪಗಿದೆ. ಮೇಲಿನ ಫ್ಯಾನಿನ ರೆಕ್ಕೆಗಳು ಒಂದೊಂದೂ ಬೇರೆ ಬೇರೆ ಕಾಣುತ್ತವೆ.

ಆ ದಿನ ನಾನು ಪಕ್ಕದಲ್ಲೇ ಇದ್ದೆನಲ್ಲೋ. ಕರೆಂಟ್ ಬರಲೆಂದು ಸಂಜೆಯವರೆಗೆ ಕಾದೆ ನೀನು, ಅದನ್ನೂ ಇಲ್ಲವೆನ್ನುವುದಿಲ್ಲ. ಬರಲಿಲ್ಲ. "ಒಂದ ಫೋಟೋ ಆದ್ರೂ ತಗೋತೇನಿ, ನಗವಾ ಜನ್ನತ" ಎಂದೆ. ಅವಳು ಕೂಡಲೇ ನಕ್ಕಳು. ಬರುವ ರವಿವಾರ ಬಂದು ಎಲ್ಲ ಹಾಕಿಕೊಡುತ್ತೇನೆಂದು ಹೇಳಿ, ಹೆಡ್‌ಫೋನು ಬೇರೆ ಸಾಲಿಗೆ ಬೇಕೆಂದು ಅವಳ ಕಿವಿಯಿಂದ ತೆಗೆದುಕೊಂಡು ಹೋದೆ. ಆಗ ಶ್ರಾವಣ. ಈಗ ಎಳ್ಳು ಬೆಲ್ಲ ಹಂಚಿ ಮುಗಿದಿದೆ.

ಜನ್ನತಳಿಗೆ ಪಾಠ ಓದಿ ಹೇಳುತ್ತಿದ್ದವಳು ಅವಳ ಅಕ್ಕ ಸಾಯಿರಾ. ದೀಪಾವಳಿಯಾದ ಮೇಲೆ ಅವಳ ಮದುವೆಯಾಗಿ ರಾಮದುರ್ಗಕ್ಕೆ ಹೋದಳು. ತಾಯಿ ಹಾಜಿರಾಬಿಗೆ ಅಕ್ಷರ ಬಾರದು, ಬಳೆ ಅಂಗಡಿ ಬಿಟ್ಟು ಏಳುವಂತೆಯೂ ಇಲ್ಲ. ಊಟದ ಬಿಡುವಿನಲ್ಲಿ ನಾನು ಓದುತ್ತೇನೆ. ಒಮ್ಮೆ ಅವಳು ಹೇಳಿದಳು, "ನಿಮಗ ಮತ್ತೊಮ್ಮೆ ಓದ್ರಿ ಅನ್ನಾಕ ನಾಚಿಕಿ ಬರತೈತ್ರಿ ಟೀಚರ್. ಕಂಪ್ಯೂಟರಿಗಾದ್ರ ನೂರ ಸಲ ಹೇಳಬಹುದು, ಅದು ಬ್ಯಾಸರ ಮಾಡಕೊಳ್ಳೂದಿಲ್ಲ." ಅಷ್ಟೇ ನೋಡೋ ಅವಳು ಬಯಸಿದ್ದು. ಗುಡ್ಡದ ಕಡೆಯಿಂದ ಬೈಕಿನ ಸದ್ದು ಬಂದರೆ ಇಂದಿಗೂ ಪಾಠದ ನಡುವೆ ತಲೆಯೆತ್ತುತ್ತಾಳೆ. ನಿನ್ನದಲ್ಲವೆಂದು ನನಗಿಂತ ಮೊದಲು ಅವಳಿಗೇ ತಿಳಿದು, ತಲೆ ತಗ್ಗಿಸುತ್ತಾಳೆ.

ನೀನು ಮೋಸ ಮಾಡಬೇಕೆಂದು ಬರೆದವನಲ್ಲ. ಮುಂದಿನ ವಾರ ಹೋಗಿ ಹಾಕಿದರಾಯಿತು, ವರದಿ ಇಂದೇ ಕಳಿಸೋಣ ಎಂದುಕೊಂಡಿರಬೇಕು. ಆಮೇಲೆ ಶಾಬ್ಬಾಸುಗಳು ಬಂದವು. ಬೈಲಹೊಂಗಲದವರು ಕರೆದರು, ಕಿತ್ತೂರಿನವರು ಶಾಲು ಹೊದಿಸಿದರು, ಮುಗಿದ ಕೆಲಸಕ್ಕೆ ಮತ್ತೆ ಯಾರು ಬರುತ್ತಾರೆ? ನಿನ್ನ ಪರವಾಗಿ ಇಷ್ಟನ್ನೆಲ್ಲ ನಾನೇ ವಾದಿಸಿಕೊಂಡೆ. ಆದರೆ ಹೋದ ವಾರ ನೀನು ಫೋನಿನಲ್ಲಿ, "ಮೇಲ್ ಬಂದ್ರ ಹೂಂ ಅಂತ ಬರದ ಬಿಡ ಚಿಗವ್ವಾ, ಪರೀಕ್ಷಾ ಮುಂದ ಬಂದ ಹಾಕಿ ಕೊಡತೇನಿ" ಅಂದೆಯಲ್ಲ, ಅಲ್ಲಿಗೆ ನನ್ನ ವಾದ ಸೋತಿತು.

ನೀನು ಮೊದಲ ಸಲ ಈ ಬಳಗದ ಸುದ್ದಿ ಹೇಳಿದ್ದು ನೆನಪಿದೆಯೇ? "ಇದಕ್ಕ ಬಾಗಲಾನ ಇಲ್ಲ ಚಿಗವ್ವಾ, ಯಾರ ಬಂದ್ರೂ ಒಳಗ ಕರಕೋತಾರ" ಎಂದಿದ್ದೆ. ನಿನ್ನ ಅಜ್ಜ ನೀಲಪ್ಪ ಸಾಲಿಯ ಕಟ್ಟೆಯ ಕೆಳಗೆ ಕುಳಿತು ಅಕ್ಷರ ಕಲಿತವನು. ಮಾಸ್ತರರು ಇವತ್ತು ಒಳಗೆ ಕರೆದಾರು, ನಾಳೆ ಕರೆದಾರು ಎಂದು ಕಾದವನು. ನಿನ್ನ ಮಾತು ಕೇಳಿ ಆ ರಾತ್ರಿ ನಾನು ಅವನ ಫೋಟೋದ ಮುಂದೆ ನಿಂತು ಎಲ್ಲ ಹೇಳಿದ್ದೆ. ಈಗ ಅದೇ ಮನೆಯ ಹುಡುಗ ಒಬ್ಬಳನ್ನು ಕಟ್ಟೆಯ ಕೆಳಗೆ ಕೂರಿಸಿ ಕಾಯಿಸುತ್ತಿದ್ದಾನೆ. ಆ ಫೋಟೋದ ಮುಂದೆ ನಾನು ಏನು ಹೇಳಲಿ?

ನನ್ನ ಎದೆ ಒಡೆದದ್ದು ನಿನ್ನ ವರದಿಯ ಇನ್ನೊಂದು ಮಾತಿಗೆ. ಖಾತ್ರಿ ಹೇಳುವವರು ಎಂದು ನನ್ನ ಹೆಸರು ಕೊಟ್ಟು, ಮುಂದೆ "ಸ್ಥಳೀಯ ಶಿಕ್ಷಕಿ, ನನಗೆ ಪರಿಚಯವಿಲ್ಲದವರು" ಎಂದು ಬರೆದಿದ್ದೀ. ನಿನ್ನ ಹೆತ್ತವ್ವ ರಾಯವ್ವಕ್ಕ ಸತ್ತಾಗ ನಿನಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ನನ್ನ ಸೆರಗು ಹಿಡಿದು ಬೆಳೆದೆ. ನನ್ನನ್ನು ಅವ್ವ ಎಂದು ನೀನು ಕರೆಯಲಿಲ್ಲ, ಕರೆ ಎಂದು ನಾನೂ ಹೇಳಲಿಲ್ಲ, ಅಕ್ಕನ ಜಾಗ ಅಕ್ಕನಿಗೇ ಇರಲಿ ಎಂದು. ಆದರೆ ಪರಿಚಯವಿಲ್ಲದವಳಾದೆನೇ ಯುವರಾಜಾ? ಸೈಬರ್ ಕೆಫೆಯಲ್ಲಿ ಹುಡುಗರ ನಡುವೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಬರುವಾಗ ಬಳೆ ಅಂಗಡಿಯಲ್ಲಿ ಜನ್ನತ ಸಿಕ್ಕಳು. ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಎಲ್ಲ ಹೇಳಿಬಿಟ್ಟೆ. ಅವಳು ಮೊದಲು ಕೇಳಿದ್ದು, "ಫೋಟೋದಾಗ ನಾ ಹೆಂಗ ಕಾಣತೇನ್ರಿ?" ಚೆಂದ ಕಾಣುತ್ತೀ ಎಂದೆ. ಸ್ವಲ್ಪ ಹೊತ್ತು ಬಳೆಗಳನ್ನು ಅತ್ತಿತ್ತ ಸರಿಸಿ, "ಹಂಗಾರ ನಾನೂ ಹೂಂ ಅಂತೇನ್ರಿ ಟೀಚರ್. ದಿನಾ ಕೇಳತೇನಿ ಅಂತೇನಿ. ಇಲ್ಲ ಅಂದ್ರ ಅಣ್ಣಾರಿಗೆ ಸಿಟ್ಟ ಬಂದ ಆಮ್ಯಾಲ ಬರೂದಾ ಇಲ್ಲ" ಎಂದಳು. ಸುಳ್ಳು ಹೇಳಿಯಾದರೂ ನಿನ್ನನ್ನು ಉಳಿಸಿಕೊಳ್ಳಲು ನೋಡುತ್ತಿದೆ ಆ ಕೂಸು.

ನಾನು ಇಲ್ಲ ಎಂದರೆ ಬಳಗದಲ್ಲಿ ನಿನ್ನ ಹೆಸರು ಹೋಗುತ್ತದೆ. ಹೂಂ ಎಂದರೆ ಜನ್ನತಳ ಕೆಲಸ ಆಗಿಹೋಯಿತೆಂದು ಎಲ್ಲರೂ ಮರೆಯುತ್ತಾರೆ. ಏನು ಮಾಡಬೇಕೆಂದು ಇದನ್ನು ಬರೆಯುತ್ತಿರುವಾಗಲೂ ತಿಳಿಯದಾಗಿದೆ. ನಿನಗೆ ಕೆಡುಕಾಗುವ ಒಂದಕ್ಷರವನ್ನೂ ಈ ಕೈ ಈವರೆಗೆ ಬರೆದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೈಕ್ ನಿಧಾನ ಓಡಿಸು. ಬುದ್ಧನ ಕರುಣೆ ನಿನ್ನ ಮೇಲೂ, ನಿನಗಾಗಿ ಕಾಯುವವರ ಮೇಲೂ ಇರಲಿ.

ನಿನ್ನ ಚಿಗವ್ವ,
ಸುಂದರವ್ವ

ತಾ.ಕ.: ಸೋಮವಾರ. ಇದನ್ನು ಪೋಸ್ಟಿಗೆ ಹಾಕುವ ಮೊದಲು ಸವದತ್ತಿಗೆ ಹೋಗಿ ಉತ್ತರ ಕಳಿಸಿ ಬಂದೆ. ಕೆಲಸ ಆಗಿಲ್ಲ, ಹುಡುಗಿಯ ಪರೀಕ್ಷೆ ಹತ್ತಿರ ಬಂದಿದೆ, ದಯಮಾಡಿ ಬೇರೆ ಯಾರನ್ನಾದರೂ ಬೇಗ ಕಳಿಸಿರಿ ಎಂದು ಬರೆದಿದ್ದೇನೆ. ಕೊನೆಗೆ ಇನ್ನೊಂದು ಪ್ರಶ್ನೆ ಇತ್ತು, ಪ್ರಚಾರಕರು ನಿಮಗೇನಾಗಬೇಕು ಎಂದು. ಅದಕ್ಕೆ ಬರೆದೆ: ನನ್ನ ಮಗ.