ಅಲಗಿನ ಮೇಲಿದ್ದ ಇಸವಿ

೯ ನವೆಂಬರ್ ೧೯೭೮, ಗುರುವಾರ. ಷೆಫೀಲ್ಡ್.

ಸವೆದುಹೋಗಿದೆ, ಓದಲಾಗದು ಎಂದುಬಿಡಬಹುದಿತ್ತು. ಮಧ್ಯಾಹ್ನದಿಂದ ಇದೊಂದೇ ಯೋಚನೆ.

ಇಡಾ ಸ್ಟಾನಿಫೋರ್ತ್ ತನ್ನ ತಂದೆಯ ಬಯೊನೆಟ್ಟನ್ನು, ಬಂದೂಕಿನ ತುದಿಗೆ ಸಿಕ್ಕಿಸುವ ಆ ಕತ್ತಿಯನ್ನು, ದಿಂಬಿನ ಚೀಲದಲ್ಲಿ ಸುತ್ತಿ, ಹಳೆಯ ಅಲಗುಗಳ ಮುದ್ರೆ ಓದಿಹೇಳುವ ನನ್ನ ಬಳಿ ತಂದಿದ್ದಳು. ಅದನ್ನು ಮಾಡಿದವರು ಯಾರೆಂದು ತಿಳಿಯಬೇಕಿತ್ತು, ಅಷ್ಟೇ. ತಂದೆ ೧೯೧೬ರ ಜುಲೈನಲ್ಲಿ ಫ್ರಾನ್ಸಿನ ಸೊಮ್ ಕಾಳಗದಲ್ಲಿ ಸತ್ತ. ಯುದ್ಧ ಮುಗಿದ ಮೇಲೆ ಅವನ ಜೊತೆಗಾರ ವಿಲ್ಫ್ರೆಡ್ ಇದನ್ನು ಮನೆಗೆ ತಂದು, ಸಾಯುವಾಗ ಇಡಾಳ ತಂದೆಯೇ ತನ್ನ ಕೈಗಿತ್ತ ಎಂದನಂತೆ. ಮರುವರ್ಷ ಇಡಾಳ ತಾಯಿ ವಿಲ್ಫ್ರೆಡ್‌ನನ್ನೇ ಮದುವೆಯಾದಳು.

ಹಿಡಿಯ ಪಕ್ಕದ ಅಲಗನ್ನು ಎಣ್ಣೆಬಟ್ಟೆಯಿಂದ ಒರೆಸಿದೆ. ಕಿರೀಟ, ನಮ್ಮೂರಿನದೇ ಕಾರ್ಖಾನೆಯ ಹೆಸರು, ನಡುವೆ ತಯಾರಾದ ತಿಂಗಳು ಮತ್ತು ವರ್ಷ. ಅದೇ ಜಾಗವನ್ನು ಮತ್ತೊಮ್ಮೆ ಒರೆಸಿದೆ.

"ಯಾಕಪ್ಪಾ, ನಾಲಿಗೆ ಬಿದ್ದೋಯ್ತಾ? ಓದು."

"ನವೆಂಬರ್, ಹದಿನೇಳನೇ ಇಸವಿ."

ಅವಳು ಬೆರಳು ಮಡಿಸಿದಳು. "ಹಂಗಾದ್ರೆ ಇದು ಹುಟ್ಟೋ ಹೊತ್ತಿಗೆ ಅಪ್ಪ ಮಣ್ಣಲ್ಲಿದ್ದ."

"ಹೌದಮ್ಮ."

"ವಿಲ್ಫ್ರೆಡ್ ಪಕ್ಕದಲ್ಲಿ ಇದ್ದದ್ದಾದ್ರೂ ನಿಜವಾ?"

"ಕಬ್ಬಿಣ ಅದನ್ನ ಹೇಳಲ್ಲ."

"ಅವನನ್ನೂ ಅಪ್ಪಾ ಅಂತಲೇ ಕರೀತಿದ್ದೆ, ಮೂವತ್ತು ವರ್ಷ."

ಚಹಾ ತಣ್ಣಗಾಯಿತು. ದಿಂಬಿನ ಚೀಲವನ್ನು ಮಾತ್ರ ಮಡಚಿಕೊಂಡು ಎದ್ದಳು. ಬಯೊನೆಟ್ಟನ್ನು ಹಿಡಿದು ಬಾಗಿಲವರೆಗೂ ಹೋದೆ. "ಅದು ನಮ್ಮನೇದಲ್ಲ," ಎಂದಳು.

ಈಗ ಅದು ನನ್ನ ಅಡುಗೆಮನೆಯ ಮೇಜಿನ ಮೇಲಿದೆ. ಪ್ರತಿ ಭಾನುವಾರ ಅವಳು ಉಜ್ಜುತ್ತಿದ್ದಳಂತೆ, ಕನ್ನಡಿಯಂತಿದೆ. ದೀಪ ಆರಿಸಲು ಎರಡು ಸಲ ಹೋಗಿ ಹಿಂದಿರುಗಿದೆ. ಇದು ವಿಲ್ಫ್ರೆಡ್‌ನದೇ ಇರಬಹುದು. ಅಥವಾ ಸತ್ತ ಇನ್ನೊಬ್ಬನದು. ಹಾಗಿದ್ದರೆ ಆ ಇನ್ನೊಬ್ಬನ ಮನೆಗೆ ಯಾರು, ಏನು ಹೇಳಿ, ಏನನ್ನು ತಂದುಕೊಟ್ಟರೋ.