ಬೆನ್ನಿಗೆ ಅಂಟಿಸಿದ ಹಾಳೆ

ಮಾರ್ಚ್ ೩, ಬೆಳಿಗ್ಗೆ
ಬೈಂಡಿಂಗ್‌ಗೆ ಬಂದ ಹನ್ನೆರಡು ಪುಸ್ತಕ ಹೊಲಿದಾಯಿತು. ಹದಿಮೂರನೆಯದಕ್ಕೆ ಸೂಜಿ ಹಾಕುವಾಗ ತಮ್ಮನ ಮಗಳು ಬಂದಳು. ಪ್ರೇಮಕವಿ ಅಪ್ಪನ ಬಗ್ಗೆ ಪುಸ್ತಕ ಬರೆಯುತ್ತಾಳಂತೆ.
"ಅತ್ತೆ, ಅಪ್ಪ ಕವಿತೆ ಕಲಿತದ್ದು ಯಾರಿಂದ?"
"ಅವನನ್ನೇ ಕೇಳು."
"ಚಂದ್ರನಿಂದ ಅಂದ್ರು."
ಚಂದ್ರನಂತೆ! ಚಂದ್ರನಿಗೆ ಬಾಯಿಲ್ಲ, ಇವನು ಬದುಕಿಕೊಂಡ.
"ಅಮ್ಮಂಗೆ ಸಹಿ ಹಾಕೋಕೂ ಬರ್ತಿರ್ಲಿಲ್ಲವಂತೆ. ಅವಳದು ಅಂತ ಒಂದಕ್ಷರ ಇದ್ದಿದ್ರೆ..."
ಸೂಜಿ ಬೆರಳಿಗೆ ಚುಚ್ಚಿತು.

ಮಾರ್ಚ್ ೪
ಅಕ್ಷರವನ್ನು ರದ್ದಿ ನೋಡಿ ನಾನೇ ಕಲಿತೆ. ಪದ್ಯ ಓದಲು ನನಗೆ ಕಲಿಸಿದವಳು ಈ ಹುಡುಗಿಯ ಅಮ್ಮ, ತಮ್ಮನ ಹೆಂಡತಿ. ಅವಳು ಸತ್ತ ವಾರಕ್ಕೇ ತಮ್ಮ ಅವಳ ನೋಟ್‌ಬುಕ್ ತಂದ. "ಸುಟ್ಟುಬಿಡು" ಅಂದ. ಮುಂದೆ ಅವನಿಗೆ ಹೆಸರು ತಂದ ಸಾಲುಗಳೆಲ್ಲ ಅದರಲ್ಲಿ, ಅವಳ ಕೈಬರಹದಲ್ಲಿ!
ಬೈಂಡಿಂಗ್‌ನವಳ ಕೈಗೆ ಕಾಗದ ಕೊಟ್ಟು ಸುಡು ಅನ್ನುವುದೇ? ಒಂದು ಚೂರನ್ನೂ ಬಿಸಾಡುವವರಲ್ಲ ನಾವು. ಪುಸ್ತಕ ಗಟ್ಟಿ ನಿಲ್ಲಲೆಂದು ಬೆನ್ನಿಗೆ ಹಳೆ ಹಾಳೆ ಅಂಟಿಸುತ್ತೇವೆ. ಅವನ ಮೊದಲ ಸಂಕಲನದ ಪ್ರತಿಗಳ ಬೆನ್ನಿಗೆ ಅವಳ ನೋಟ್‌ಬುಕ್ಕನ್ನೇ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅಂಟಿಸಿದೆ. ಯಾರಿಗೂ ಹೇಳಲಿಲ್ಲ. ಎತ್ತಿ ಆಡಿಸಿದ ತಮ್ಮನಲ್ಲವೇ...

ಮಾರ್ಚ್ ೯, ಮಧ್ಯಾಹ್ನ
ತಮ್ಮ ಬಂದ. ಕೂರಲಿಲ್ಲ.
"ಮಗಳ ತಲೆ ಕೆಡಿಸ್ಬೇಡ ಅಕ್ಕ. ನಿನ್ನ ಕೆಲಸ ಅಂಟು ಬಳಿಯೋದು, ಬಳೀತಾ ಇರು."
"ಬಳೀತಾನೇ ಇದೀನಿ ಕವಿಗಳೇ. ನೀವು ಕದ್ದಿದ್ದನ್ನ ಅಂಟಿಸ್ತಾ ಇದೀನಿ."
"ಅವತ್ತು ಸುಟ್ಟೆ ತಾನೇ?"
ನಾನು ಬ್ರಷ್ ಅದ್ದಿ ಮುಂದಿನ ಬೆನ್ನಿಗೆ ಅಂಟು ಬಳಿದೆ. ಅವನ ಮುಖ ಬಿಳಿಚಿಕೊಂಡಿತು.
"ಬಾಯಿ ಬಿಟ್ಟೆಯೋ, ನಾನು ನಿನ್ನ ತಮ್ಮ ಅಲ್ಲ."

ಮಾರ್ಚ್ ೨೧
ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು. ಇಂದು ಹುಡುಗಿಗೆ ಫೋನ್ ಮಾಡಿದೆ. "ಅಪ್ಪ ಸಹಿ ಹಾಕಿ ಕೊಟ್ಟಿದಾನಲ್ಲ, ಮೊದಲ ಸಂಕಲನ, ಅದನ್ನ ತಗೊಂಡು ಬಾ." ತಮ್ಮ ನನ್ನ ಪಾಲಿಗೆ ಇಲ್ಲವಾದರೆ ಆಗಲಿ.

ಮಾರ್ಚ್ ೨೨, ಹನ್ನೊಂದು ಗಂಟೆ
ಬೆನ್ನಿನ ಬಟ್ಟೆ ಕುಯ್ದೆ.
"ಅಯ್ಯೋ ಅತ್ತೆ, ಅಪ್ಪನ ಸಹಿ ಇರೋದು!"
"ಸಹಿ ಎಲ್ಲೂ ಹೋಗಲ್ಲ ಕಣೆ, ಒಳಗೆ ನೋಡು."
ಒದ್ದೆ ಬಟ್ಟೆ ಒತ್ತಿಟ್ಟು ಕಾದೆ. ಮೈದಾ ಅಂಟು ಬಿಟ್ಟುಕೊಟ್ಟಿತು. ಉದ್ದನೆಯ ಪಟ್ಟಿ, ಎರಡು ಸಾಲು. ಪೆನ್ಸಿಲ್ ಬರಹ, ನೀರಿಗೂ ಅಳಿಯಲಿಲ್ಲ.
"ಯಾರದಿದು?"
"ಸಹಿ ಹಾಕೋಕೂ ಬರದವಳದು."
ಓದಿದಳು. ಅದೇ ಪುಸ್ತಕದ ಪುಟ ತಿರುವಿದಳು. ಒಂದು ಬೆರಳು ಪಟ್ಟಿಯ ಮೇಲೆ, ಇನ್ನೊಂದು ಅಚ್ಚಾದ ಅದೇ ಸಾಲಿನ ಮೇಲೆ. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.
ಇದನ್ನು ಬರೆಯುತ್ತಿದ್ದಂತೆಯೇ ಬಾಗಿಲು ಬಡಿಯುವ ಸದ್ದು. ಅವನೇ. "ಅಕ್ಕಾ, ತೆಗಿ!"
ಕಪಾಟಿನಲ್ಲಿ ಅದೇ ಸಂಕಲನದ, ನಾನು ಉಳಿಸಿಕೊಂಡ ಇನ್ನೂ ಹನ್ನೊಂದು ಪ್ರತಿಗಳಿವೆ. ಹುಡುಗಿ ಚಾಕು ಕೈಗೆತ್ತಿಕೊಂಡಿದ್ದಾಳೆ.
"ಮುಂದಿನದು ಕೊಡಿ, ಅತ್ತೆ."
ಬಡಿಯಲಿ. ಮೊದಲು ಇವಳಿಗೆ —